ಬರಿಗಾಲಿನ ಕಾರಣಕ್ಕೇ ನಾವು 1950ರ ವಿಶ್ವಕಪ್‌ಗೆ ಹೋಗಲಿಲ್ಲವೇ?

ಪ್ರಶ್ನೆ: ನಾನು ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಈಚೆಗೆ ನಮ್ಮ ಶಾಲೆಯಲ್ಲೇ ಅಂತರಶಾಲಾ ಕ್ರೀಡಾ ಕ್ವಿಜ್ ಇಟ್ಟುಕೊಂಡಿದ್ದೆವು. ಕೊನೆಯ ಸುತ್ತಿನಲ್ಲಿ ಒಂದು ಪ್ರಶ್ನೆ ಇತ್ತು: "ಭಾರತ 1950ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಯಾಕೆ ಆಡಲಿಲ್ಲ?" ಚಿತ್ರದುರ್ಗದಿಂದ ಬಂದಿದ್ದ ಹುಡುಗಿಯೊಬ್ಬಳು "ನಮ್ಮ ಫೆಡರೇಷನ್ನೇ ತಂಡ ಕಳಿಸಲಿಲ್ಲ" ಅಂದಳು. ಉತ್ತರದ ಹಾಳೆಯಲ್ಲಿ "ಬರಿಗಾಲಲ್ಲಿ ಆಡಲು ಫಿಫಾ ಬಿಡಲಿಲ್ಲ" ಅಂತ ಇದ್ದಿದ್ದರಿಂದ ತಪ್ಪು ಅಂದೆವು. ಪ್ರಶ್ನೆ ನಮ್ಮ ಶಾಲೆಯ ತಂಡಕ್ಕೆ ಹೋಯಿತು. ಅವರು ಬರಿಗಾಲು ಅಂದರು, ಅಂಕ ಸಿಕ್ಕಿತು, ಅದರಿಂದಲೇ ಗೆದ್ದರು. ಈಗ ಆ ಹುಡುಗಿಯ ತಂದೆ ಫೋನ್ ಮಾಡಿ ಕೇಳುತ್ತಿದ್ದಾರೆ. ನಮ್ಮ ಮುಖ್ಯೋಪಾಧ್ಯಾಯರು "ತೀರ್ಪು ಆಗಿಹೋಯಿತು, ಬಿಡಿ" ಅನ್ನುತ್ತಾರೆ. ನಾನೂ ಚಿಕ್ಕಂದಿನಿಂದ ಬರಿಗಾಲಿನ ಕಥೆಯನ್ನೇ ಕೇಳಿಕೊಂಡು ಬಂದವನು, ಮಕ್ಕಳಿಗೆ ಹೆಮ್ಮೆಯಿಂದ ಹೇಳಿದವನು. ಅದು ಸುಳ್ಳಾ? ಸುಳ್ಳಾದರೆ ಈಗ ಏನು ಮಾಡಲಿ?

ಉತ್ತರ:

ಮೇಷ್ಟ್ರೇ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಹುಡುಗಿಯ ಉತ್ತರ ಸರಿ. ನಿಮ್ಮ ಹಾಳೆಯಲ್ಲಿದ್ದದ್ದು ದೇಶದ ತುಂಬ ಓಡಾಡುತ್ತಿರುವ ಕಥೆ. ಅದನ್ನು ನಂಬಿದ್ದಕ್ಕೆ ನೀವು ನಾಚಿಕೊಳ್ಳಬೇಕಿಲ್ಲ. ಫುಟ್‌ಬಾಲ್ ಇತಿಹಾಸ ಬರೆಯೋದು, ಕ್ವಿಜ್‌ಗಳಿಗೆ ಪ್ರಶ್ನೆ ತಯಾರಿಸೋದು ನನ್ನ ಕೆಲಸ. ಈ ಒಂದು ಪ್ರಶ್ನೆಯಷ್ಟು ಜಗಳ ತಂದ ಪ್ರಶ್ನೆ ಇನ್ನೊಂದನ್ನು ನಾನು ನೋಡಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇದೆ. ಅಂಕದ್ದು ಒಂದು. ಇನ್ನೊಂದನ್ನು ನೀವು ಬಿಡಿಸಿ ಬರೆದಿಲ್ಲ, ಆದರೂ ಕಾಣುತ್ತದೆ: ಬರಿಗಾಲಿನ ಕಥೆ ಹೋದರೆ ಅದರ ಜೊತೆಗಿರುವ ಹೆಮ್ಮೆಯೂ ಹೋಗುತ್ತಾ? ಹೋಗುವುದಿಲ್ಲ. ನಮ್ಮವರು ಬರಿಗಾಲಲ್ಲಿ ಆಡುತ್ತಿದ್ದದ್ದು ನಿಜ. 1950ರಲ್ಲಿ ವಿಶ್ವಕಪ್ ನಡೆದ ಬ್ರೆಜಿಲ್‌ಗೆ ಹೋಗದೇ ಇದ್ದದ್ದೂ ನಿಜ. ಒಂದರಿಂದಲೇ ಇನ್ನೊಂದು ಆಯಿತು ಅನ್ನುವ ಜಾಗದಲ್ಲಿ ಮಾತ್ರ ಕಥೆ ತಪ್ಪುತ್ತದೆ.

ಬರಿಗಾಲಿನಿಂದಲೇ ಶುರು ಮಾಡೋಣ. 1911ರ ಜುಲೈ 29ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್ ಎಂಬ ಬ್ರಿಟಿಷ್ ಸೈನಿಕರ ತಂಡವನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಎಂಬ ದೊಡ್ಡ ಫುಟ್‌ಬಾಲ್ ಟೂರ್ನಿ ಗೆದ್ದಿತು. ನಮ್ಮ ಹನ್ನೊಂದು ಜನರಲ್ಲಿ ಬೂಟು ಹಾಕಿದ್ದವರು ಒಬ್ಬರೇ. ಆಳುವವರನ್ನು ಅವರದೇ ಆಟದಲ್ಲಿ, ಬರಿಗಾಲಲ್ಲಿ ಸೋಲಿಸಿದ್ದು ಅದು. ಆವತ್ತಿನಿಂದ ಭಾರತದ ಫುಟ್‌ಬಾಲ್ ಅಂದರೆ ಬರಿಗಾಲು ಅನ್ನುವ ಚಿತ್ರ ಜನರ ಮನಸ್ಸಿನಲ್ಲಿ ಕೂತಿದೆ. ಕೂರಲೇಬೇಕಿತ್ತು ಕೂಡ.

ಆಮೇಲೆ 1948ರ ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ವರ್ಷ ತುಂಬಿರಲಿಲ್ಲ. ನಾಗಾ ನಾಡಿನ ತಾಲಿಮೆರೆನ್ ಆವೊ ನಾಯಕ. ಜುಲೈ 31ರಂದು ಇಲ್ಫರ್ಡ್‌ನ ಮೈದಾನದಲ್ಲಿ ಫ್ರಾನ್ಸ್ ಎದುರು ಪಂದ್ಯ. ಹೆಚ್ಚಿನವರು ಬರಿಗಾಲಲ್ಲೇ ಇದ್ದರು, ಕೆಲವರು ಬೂಟು ಹಾಕಿದ್ದರು. ಈ "ಕೆಲವರು ಬೂಟು ಹಾಕಿದ್ದರು" ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಅದೇ ಮೊದಲ ಗೋಲು. ನಮಗೆ ಎರಡು ಪೆನಾಲ್ಟಿ ಸಿಕ್ಕವು. ಎರಡೂ ಕೈತಪ್ಪಿದವು. ಕೊನೆ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ಸೋತರೂ ಅಲ್ಲಿನ ಜನ ನಮ್ಮವರನ್ನು ಬಾಯ್ತುಂಬ ಹೊಗಳಿದರು. ಎರಡು ಪೆನಾಲ್ಟಿಯಲ್ಲಿ ಒಂದು ಒಳಗೆ ಹೋಗಿದ್ದರೂ ಇತಿಹಾಸ ಬೇರೆ ಇರುತ್ತಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಪಂದ್ಯ ಆದ ಮೇಲೆ ಬರಿಗಾಲನ್ನು ಫಿಫಾ ನಿಷೇಧಿಸಿತು, ಅದಕ್ಕೇ 1950ರಲ್ಲಿ ನಾವು ಹೋಗಲಿಲ್ಲ ಅನ್ನುವುದು ಕಥೆ. ಇದನ್ನು ಪರೀಕ್ಷೆ ಮಾಡುವುದು ಸುಲಭ. 1952ಕ್ಕೆ ಬನ್ನಿ. ಹೆಲ್ಸಿಂಕಿ ಒಲಿಂಪಿಕ್ಸ್. ಒಲಿಂಪಿಕ್ಸ್‌ನ ಫುಟ್‌ಬಾಲ್ ನಡೆಯುವುದೂ ಫಿಫಾ ನಿಯಮದ ಕೆಳಗೇ. ಅಲ್ಲಿ ಯುಗೊಸ್ಲಾವಿಯಾ ಎದುರು ಆಡಲು ಇಳಿದ ನಮ್ಮ ತಂಡದಲ್ಲಿ ಆಗಲೂ ಬಹಳ ಜನ ಬರಿಗಾಲಲ್ಲಿದ್ದರು. ಯಾರೂ ತಡೆಯಲಿಲ್ಲ. 1950ರಲ್ಲಿ ಕಾಲು ಹಿಡಿದು ನಿಲ್ಲಿಸಿದ ನಿಯಮ 1952ರಲ್ಲಿ ಎಲ್ಲಿಗೆ ಹೋಯಿತು?

ಆ ಪಂದ್ಯವನ್ನು 10-1ರಿಂದ ಸೋತೆವು. ನಮ್ಮ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಚಳಿ ಇತ್ತು, ನೆಲ ನಮ್ಮವರಿಗೆ ಒಗ್ಗಲಿಲ್ಲ. ನಿಮ್ಮ ಹುಡುಗರು ಆಡುವುದನ್ನು ದಿನಾ ನೋಡುವ ನಿಮಗೆ ಇದು ಗೊತ್ತಿರುತ್ತದೆ: ಒಣಗಿದ ಗಟ್ಟಿ ನೆಲದ ಮೇಲೆ ಬರಿಗಾಲಿಗೆ ಒಳ್ಳೆ ಹಿಡಿತ ಸಿಗುತ್ತದೆ, ಬೆರಳಿನಿಂದ ಚೆಂಡನ್ನು ತಿರುಗಿಸಬಹುದು, ಗಕ್ಕನೆ ನಿಲ್ಲಬಹುದು. ಅದೇ ಮಳೆ ಬಿದ್ದ ಹುಲ್ಲಿನ ಮೇಲೆ ತಿರುಗಲು ಹೋದರೆ ಹಿಮ್ಮಡಿ ಜಾರುತ್ತದೆ. ಮೊಳೆಯಿರುವ ಬೂಟು ಹಾಕಿದವನು ಅಡ್ಡ ಬಂದರೆ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ಹೆಲ್ಸಿಂಕಿಯ ಸೋಲಾದ ಮೇಲೇ ನಮ್ಮ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಅಂದರೆ ಬೂಟಿನ ತೀರ್ಮಾನ 1950ರ ವಿಶ್ವಕಪ್‌ಗಿಂತ ಮೊದಲಿನದಲ್ಲ, ಆಮೇಲಿನದು. ಅದನ್ನು ತೆಗೆದುಕೊಂಡವರೂ ಫಿಫಾದವರಲ್ಲ, ನಾವೇ.

ಇನ್ನೊಂದು ಮಾತು. 1950ರಲ್ಲಿ ಬೂಟು ಬೇಕೇ ಬೇಕು ಅಂತ ಯಾರಾದರೂ ಹೇಳಿದ್ದರು ಅಂತಲೇ ಇಟ್ಟುಕೊಳ್ಳೋಣ. ಹಾಕಿಕೊಂಡರೆ ಮುಗಿಯಿತಲ್ಲ! 1948ರಲ್ಲೇ ಕೆಲವರು ಹಾಕಿದ್ದರು. ಬೂಟು ಗೊತ್ತೇ ಇಲ್ಲದ ತಂಡ ಅದಲ್ಲ. ಬರಿಗಾಲು ಅವರು ಆರಿಸಿಕೊಂಡ ರೀತಿ. ಬೂಟಿಗೆ ಅಷ್ಟು ದುಡ್ಡಿರಲಿಲ್ಲವೇನೋ ಅಂತ ಕನಿಕರ ಪಡುವವರು ಆ ಆಟಗಾರರ ಕೌಶಲವನ್ನು ಸಣ್ಣದು ಮಾಡುತ್ತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ.

ಹಾಗಾದರೆ ನಡೆದದ್ದೇನು?

1950ರ ವಿಶ್ವಕಪ್ ನಾಲ್ಕನೆಯದು. 1930ರಲ್ಲಿ ಉರುಗ್ವೆ, 1934ರಲ್ಲಿ ಇಟಲಿ, 1938ರಲ್ಲಿ ಫ್ರಾನ್ಸ್‌ನಲ್ಲಿ ಆಗಿತ್ತು. ಮಹಾಯುದ್ಧದಿಂದಾಗಿ 1942, 1946ರಲ್ಲಿ ನಡೆಯಲಿಲ್ಲ. 1950ಕ್ಕೆ ಹದಿನಾರು ತಂಡಗಳಿಗೆ ಜಾಗ ಇತ್ತು. ಭಾರತದ ಅರ್ಹತಾ ಗುಂಪಿನಲ್ಲಿ ಬರ್ಮಾ, ಫಿಲಿಪ್ಪೀನ್ಸ್ ಸೇರಿದಂತೆ ಉಳಿದವರೆಲ್ಲ ಹಿಂದೆ ಸರಿದರು. ಒಂದು ಪಂದ್ಯವನ್ನೂ ಆಡದೆ ನಮಗೆ ಜಾಗ ಸಿಕ್ಕಿತು. "ಭಾರತ ಗೆದ್ದು ಅರ್ಹತೆ ಪಡೆದಿತ್ತು" ಅಂತ ಕೆಲವು ಕಡೆ ಬರೆದಿರುತ್ತಾರೆ, ಅದೂ ಸರಿಯಲ್ಲ. ವಿಶ್ವಕಪ್‌ಗೆ ಅರ್ಹತೆ ಪಡೆದ ಏಷ್ಯಾದ ಮೊದಲ ತಂಡ ನಮ್ಮದು ಅನ್ನುವುದೂ ತಪ್ಪು. ಇಂದಿನ ಇಂಡೊನೇಷ್ಯಾ ಡಚ್ಚರ ಆಳ್ವಿಕೆಯಲ್ಲಿದ್ದಾಗ, 1938ರಲ್ಲೇ ಡಚ್ ಈಸ್ಟ್ ಇಂಡೀಸ್ ಹೆಸರಲ್ಲಿ ಆಡಿ ಹಂಗೇರಿಗೆ 6-0ಯಿಂದ ಸೋತಿತ್ತು.

ಭಾರತಕ್ಕೆ ಸಿಕ್ಕಿದ್ದು ಮೂರನೇ ಗುಂಪು. ಇಟಲಿ, ಸ್ವೀಡನ್, ಪರಾಗ್ವೆ ಜೊತೆಗಿದ್ದವು. ತಂಡಗಳನ್ನು ಗುಂಪಿಗೆ ಹಾಕಿದ ಮೇಲೆ ನಮ್ಮವರು ಬರುವುದಿಲ್ಲ ಅಂದರು. ಪ್ರಯಾಣದ ಖರ್ಚಿನ ದೊಡ್ಡ ಪಾಲನ್ನು ತಾವು ಕೊಡುತ್ತೇವೆ ಅಂತ ಬ್ರೆಜಿಲ್‌ನವರು ಹೇಳಿದ್ದರು. ಹಾಗಾಗಿ ದುಡ್ಡಿಲ್ಲದೆ ಹೋಗಲಿಲ್ಲ ಅನ್ನುವುದೂ ಪೂರ್ತಿ ನಿಲ್ಲುವುದಿಲ್ಲ. ಫೆಡರೇಷನ್ ಆಗ ಕೊಟ್ಟ ಕಾರಣ ಬೇರೆ. ಆಟಗಾರರ ಆಯ್ಕೆಯಲ್ಲಿ ಒಮ್ಮತ ಇಲ್ಲ, ಅಭ್ಯಾಸಕ್ಕೆ ಸಮಯ ಸಾಲದು ಅಂದರು. ಅದರಲ್ಲಿ ಬರಿಗಾಲಿನ ಮಾತಿಲ್ಲ.

ಆ ಕಾರಣದ ಹಿಂದೆ ಇನ್ನಷ್ಟು ಇದೆ. ಎಲ್ಲಕ್ಕಿಂತ ದೊಡ್ಡದು ಇದು: ವಿಶ್ವಕಪ್ ಅಂದರೆ ಏನು ಅಂತ ಇಲ್ಲಿ ಯಾರಿಗೂ ಸರಿಯಾಗಿ ಅಂದಾಜಿರಲಿಲ್ಲ. ಆ ಕಾಲದ ನಮ್ಮ ದೊಡ್ಡ ಡಿಫೆಂಡರ್, ಮುಂದೆ ನಾಯಕರಾದ ಶೈಲೇನ್ ಮನ್ನಾ ಇದನ್ನು ಬಿಚ್ಚಿ ಹೇಳಿದ್ದರು. ವಿಶ್ವಕಪ್ ಬಗ್ಗೆ ನಮಗೆ ತಿಳಿದೇ ಇರಲಿಲ್ಲ, ಒಲಿಂಪಿಕ್ಸೇ ನಮಗೆ ಸರ್ವಸ್ವವಾಗಿತ್ತು ಅನ್ನುವುದು ಅವರ ಮಾತಿನ ಸಾರ. ಆ ತಂಡಕ್ಕೆ ಆಡಬೇಕಿದ್ದ ಮನುಷ್ಯನೇ ಹೇಳಿದ ಮೇಲೆ ನಾವು ಬೇರೆ ಕಾರಣ ಹುಡುಕುವುದು ಯಾಕೆ?

ಅವರ ಜಾಗದಲ್ಲಿ ನಿಂತು ನೋಡಿದರೆ ಇದು ಅರ್ಥವಾಗುತ್ತದೆ. 1948ರಲ್ಲೇ ಲಂಡನ್‌ನಲ್ಲಿ ನಮ್ಮ ಹಾಕಿ ತಂಡ ಬ್ರಿಟನ್ನನ್ನು 4-0ಯಿಂದ ಸೋಲಿಸಿ ಚಿನ್ನ ತಂದಿತ್ತು. ಒಲಿಂಪಿಕ್ಸ್‌ಗೆ ಬೆಲೆ ಇತ್ತು, ಜನಕ್ಕೆ ಗೊತ್ತಿತ್ತು. 1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್ ಇತ್ತು, ನಮ್ಮ ಮನೆಯಂಗಳದಲ್ಲೇ. ಇತ್ತ ಬ್ರೆಜಿಲ್‌ಗೆ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ನಮ್ಮ ಪಂದ್ಯಗಳು ಆಗ ತೊಂಬತ್ತು ನಿಮಿಷಕ್ಕಿಂತ ಕಡಿಮೆ ಇರುತ್ತಿದ್ದವು. ವಿಶ್ವಕಪ್‌ನಲ್ಲಿ ವೃತ್ತಿಪರರ ಜೊತೆ ಆಡಿದರೆ ಒಲಿಂಪಿಕ್ಸ್‌ಗೆ ಬೇಕಾದ ಹವ್ಯಾಸಿ ಪಟ್ಟ ಹೋದೀತು ಅನ್ನುವ ಅಳುಕನ್ನೂ ಒಂದು ಕಾರಣವಾಗಿ ಹೇಳುತ್ತಾರೆ. ಇದೆಲ್ಲ ಸೇರಿ "ಬೇಡ ಬಿಡಿ" ಅನ್ನಿಸಿತು. ಈಗ ನೋಡಿದರೆ ದೊಡ್ಡ ತಪ್ಪು. ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಆ ವರ್ಷ ಬಾರದೇ ಇದ್ದವರು ನಾವೊಬ್ಬರೇ ಅಲ್ಲ. ಇದನ್ನು ನಿಮ್ಮ ಮಕ್ಕಳಿಗೆ ಖಂಡಿತ ಹೇಳಿ. ಸ್ಕಾಟ್ಲೆಂಡ್‌ಗೆ ಜಾಗ ಇತ್ತು. ಬ್ರಿಟಿಷ್ ಚಾಂಪಿಯನ್ ಆದರೆ ಮಾತ್ರ ಹೋಗುತ್ತೇವೆ ಅಂದಿದ್ದರು, ಎರಡನೇ ಸ್ಥಾನ ಬಂತು, ಮನೆಯಲ್ಲೇ ಉಳಿದರು. ಟರ್ಕಿ ಅರ್ಹತೆ ಪಡೆದೂ ಬರಲಿಲ್ಲ. ಖಾಲಿ ಜಾಗಕ್ಕೆ ಪೋರ್ಚುಗಲ್ಲನ್ನು ಕರೆದರು, ಒಲ್ಲೆ ಅಂದಿತು. ಫ್ರಾನ್ಸ್ ಒಪ್ಪಿಕೊಂಡಿತು. ಒಂದು ಪಂದ್ಯ ಪೋರ್ಟೊ ಅಲೆಗ್ರೆಯಲ್ಲಿ, ಇನ್ನೊಂದು ಮೂರು ಸಾವಿರ ಕಿಲೊಮೀಟರ್ ದೂರದ ರೆಸಿಫೆಯಲ್ಲಿ ಅಂತ ಗೊತ್ತಾದಾಗ ಅದೂ ಹಿಂದೆ ಸರಿಯಿತು. ಕೊನೆಗೆ ಆಡಿದ್ದು ಹದಿಮೂರೇ ತಂಡ. ಒಂದು ಗುಂಪಿನಲ್ಲಂತೂ ಉರುಗ್ವೆ, ಬೊಲಿವಿಯಾ ಎರಡೇ ಇದ್ದವು. ಒಂದು ಪಂದ್ಯ ಆಡಿ, 8-0ಯಿಂದ ಗೆದ್ದು ಉರುಗ್ವೆ ಮುಂದಕ್ಕೆ ಹೋಯಿತು. ಈಗಿನ ನಲವತ್ತೆಂಟು ತಂಡಗಳ ವಿಶ್ವಕಪ್ ನೋಡುವ ಮಕ್ಕಳಿಗೆ ಇದು ನಂಬಲಾಗದ ಸುದ್ದಿ.

ನಮ್ಮ ಗುಂಪಿನ ಕಥೆಯೂ ಕೇಳುವಂಥದ್ದು. ಇಟಲಿ ಹಿಂದಿನ ಎರಡು ಕಪ್ ಗೆದ್ದ ತಂಡ. ಆದರೆ 1949ರ ಮೇ 4ರಂದು ಟೊರಿನೊ ಕ್ಲಬ್ಬಿನ ಆಟಗಾರರಿದ್ದ ವಿಮಾನ ಸುಪೆರ್ಗಾ ಬೆಟ್ಟಕ್ಕೆ ಬಡಿದು ಎಲ್ಲರೂ ತೀರಿಕೊಂಡರು. ಇಟಲಿ ತಂಡದ ಬೆನ್ನೆಲುಬೇ ಅವರಾಗಿದ್ದರು. ಆ ದುಃಖದಲ್ಲಿದ್ದ ಇಟಲಿ ವಿಮಾನ ಬೇಡ ಅಂತ ಹಡಗಿನಲ್ಲಿ ಬ್ರೆಜಿಲ್‌ಗೆ ಬಂತು. ಸ್ವೀಡನ್ 1948ರ ಒಲಿಂಪಿಕ್ಸ್ ಚಿನ್ನ ಗೆದ್ದಿತ್ತು, ಆದರೆ ಅದರ ದೊಡ್ಡ ಆಟಗಾರರು ಇಟಲಿಯ ಕ್ಲಬ್ಬುಗಳಿಗೆ ಹೋಗಿಬಿಟ್ಟಿದ್ದರು. ವೃತ್ತಿಪರರಾದವರನ್ನು ಸ್ವೀಡನ್ ಆಗ ತಂಡಕ್ಕೆ ಸೇರಿಸುತ್ತಿರಲಿಲ್ಲ. ಆದರೂ ಅದು ಇಟಲಿಯನ್ನು 3-2ರಿಂದ ಸೋಲಿಸಿತು, ಪರಾಗ್ವೆ ಜೊತೆ 2-2 ಸಮ ಮಾಡಿಕೊಂಡಿತು, ಕೊನೆಗೆ ಮೂರನೇ ಸ್ಥಾನ ಪಡೆಯಿತು. ಭಾರತ ಹೋಗಿದ್ದರೆ ಗೆಲ್ಲುತ್ತಿತ್ತು ಅಂತ ನಾನು ಹೇಳಲಾರೆ. ಆ ಹೊತ್ತಿಗೆ ನಮ್ಮಲ್ಲಿ ಆಟ ಇತ್ತು ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ಮರುವರ್ಷವೇ ದೆಹಲಿಯಲ್ಲಿ ಮೇವಾಲಾಲ್ ಹೊಡೆದ ಗೋಲಿನಿಂದ ಇರಾನನ್ನು 1-0ಯಿಂದ ಸೋಲಿಸಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದೆವು. 1956ರಲ್ಲಿ ಮೆಲ್ಬರ್ನ್‌ನಲ್ಲಿ ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದು ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದರು. ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ! 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ. ಅದೆಲ್ಲ ಆದ ಎಷ್ಟೋ ವರ್ಷಗಳ ಮೇಲೆ, 1986ರ ವಿಶ್ವಕಪ್‌ಗಾಗಿ ಭಾರತ ಮೊದಲ ಬಾರಿ ಅರ್ಹತಾ ಪಂದ್ಯ ಆಡಿತು. ಅಷ್ಟು ಹೊತ್ತಿಗೆ ಒಳ್ಳೆಯ ಕಾಲ ಕಳೆದುಹೋಗಿತ್ತು.

ಬರಿಗಾಲಿನ ಕಥೆ ಬೇಡ ಅಂತ ನಾನು ಹೇಳುವುದು ಈ ಕಾರಣಕ್ಕೆ. ಹೊರಗಿನವರು ಬಾಗಿಲು ಹಾಕಿದರು ಅಂದುಕೊಂಡರೆ ನಾವು ಕೇಳಬೇಕಾದ ಪ್ರಶ್ನೆ ಕೇಳುವುದೇ ಇಲ್ಲ. ತೀರ್ಮಾನ ಮಾಡಿದವರು ನಮ್ಮವರು. ಆಟಗಾರರಿಗೆ ವಿಷಯ ಸರಿಯಾಗಿ ತಿಳಿದಿರಲಿಲ್ಲ. ತಾಲ್ಲೂಕು ಮಟ್ಟದಿಂದ ಮುಂದೆ ಹೋಗುವ ಪಂದ್ಯದ ಸುದ್ದಿ ಸಮಯಕ್ಕೆ ಬಾರದೆ ಒಳ್ಳೆ ಮಕ್ಕಳು ತಪ್ಪಿಸಿಕೊಳ್ಳುವುದನ್ನು ನೀವೂ ಕಂಡಿರುತ್ತೀರಿ, ಅಲ್ವಾ? 1950ರದ್ದು ಅದೇ ಜಾತಿಯ ನಷ್ಟ. ತೀರಾ ದೊಡ್ಡದು, ಅಷ್ಟೇ.

ಈಗ ಅಂಕದ ವಿಷಯ. ನಿಮ್ಮ ಮುಂದೆ ಮೂರು ದಾರಿ ಇವೆ.

ಮುಖ್ಯೋಪಾಧ್ಯಾಯರು ಹೇಳಿದಂತೆ ಬಿಟ್ಟುಬಿಡಬಹುದು. "ತೀರ್ಪುಗಾರರ ತೀರ್ಮಾನವೇ ಅಂತಿಮ" ಅಂತ ಕ್ವಿಜ್ ನಿಯಮದಲ್ಲಿ ಇದ್ದೇ ಇರುತ್ತದೆ. ಅವರ ಮಾತಿನಲ್ಲಿ ಅರ್ಥವೂ ಇದೆ. ಒಂದು ಫಲಿತಾಂಶ ಬದಲಿಸಿದರೆ ನಾಳೆ ಪ್ರತಿ ಪ್ರಶ್ನೆಗೂ ಫೋನ್ ಬರುತ್ತದೆ. ಫುಟ್‌ಬಾಲ್‌ನಲ್ಲೂ ಆಟ ಮತ್ತೆ ಶುರುವಾದ ಮೇಲೆ ರೆಫ್ರಿ ಹಿಂದಿನ ತೀರ್ಪು ಬದಲಿಸುವ ಹಾಗಿಲ್ಲ. ಆದರೆ ಕ್ವಿಜ್ ಇರುವುದೇ ತಿಳಿದದ್ದನ್ನು ಅಳೆಯುವುದಕ್ಕೆ. ಸರಿಯಾಗಿ ಓದಿ ಬಂದ ಹುಡುಗಿಗೆ ಓದಿದ್ದರಿಂದಲೇ ಸೋಲಾಯಿತು ಅಂದರೆ ಅವಳು ಮುಂದಿನ ಸಲ ಗೊತ್ತಿದ್ದದ್ದನ್ನು ಹೇಳುವ ಮೊದಲು ಹಾಳೆಯಲ್ಲಿ ಏನಿರಬಹುದು ಅಂತ ಯೋಚಿಸುತ್ತಾಳೆ. ಗೆದ್ದದ್ದು ನಡೆಸಿದ ಶಾಲೆಯೇ ಆಗಿರುವುದರಿಂದ ಊರಲ್ಲಿ ಮಾತೂ ಬರುತ್ತದೆ. ಚಿತ್ರದುರ್ಗ, ದಾವಣಗೆರೆ ಅಂತ ಸುಮ್ನೆ ಎರಡು ಗುಂಪಾಗುತ್ತದೆ.

ಆ ಪ್ರಶ್ನೆಯನ್ನೇ ರದ್ದು ಮಾಡುವುದು ಎರಡನೆಯದು. ಬಹಳ ಜನ ಇದನ್ನೇ ಸಲಹೆ ಮಾಡುತ್ತಾರೆ, ಯಾರಿಗೂ ನೋವಾಗದು ಅಂತ. ನನಗೆ ಇದು ಒಪ್ಪಿಗೆಯಿಲ್ಲ. ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ರದ್ದು ಮಾಡಬೇಕು. ಇಲ್ಲಿ ಉತ್ತರ ಇದೆ, ಒಬ್ಬಳು ಅದನ್ನು ಹೇಳಿದ್ದಾಳೆ. ರದ್ದು ಮಾಡಿದರೆ ಅವಳ ಅಂಕ ಎರಡನೇ ಸಲ ಹೋದಂತೆ.

ಮೂರನೆಯದು ಅಂಕ ತಿದ್ದುವುದು. ಆ ತಂಡಕ್ಕೆ ಅಂಕ ಕೊಡಿ, ನಿಮ್ಮ ತಂಡದ ಬೋನಸ್ ತೆಗೆಯಿರಿ, ಅದರಿಂದ ಬರುವ ಫಲಿತಾಂಶ ಒಪ್ಪಿಕೊಳ್ಳಿ. ನಾನಾದರೆ ಇದನ್ನೇ ಮಾಡುತ್ತೇನೆ. ಅಪಾಯ ಇಲ್ಲವೆಂದಲ್ಲ. ನಿಮ್ಮ ಮಕ್ಕಳು ಅಳಬಹುದು, ಅವರ ಅಪ್ಪ-ಅಮ್ಮ ಸಿಟ್ಟಾಗಬಹುದು. ಹಾಳೆಯಲ್ಲಿದ್ದ ಉತ್ತರವನ್ನೇ ಹೇಳಿದ ಆ ಮಕ್ಕಳದು ಏನೂ ತಪ್ಪಿಲ್ಲ, ಅದನ್ನು ಎಲ್ಲರ ಎದುರು ಮೊದಲು ಹೇಳಬೇಕು. ಕೊಟ್ಟ ಪುಸ್ತಕ, ಪ್ರಮಾಣಪತ್ರ ವಾಪಸ್ ಕೇಳಬೇಡಿ. ಚಿತ್ರದುರ್ಗದ ತಂಡಕ್ಕೆ ಇನ್ನೊಂದು ಸೆಟ್ ಮಾಡಿಸಿ. ಪಾರಿತೋಷಕ ಒಂದೇ ಇದ್ದರೆ ಅದು ಅವರಿಗೆ ಹೋಗಲಿ. ನಿಮ್ಮ ಮಕ್ಕಳೇ ಹೋಗಿ ಕೊಟ್ಟು ಬಂದರೆ ಇನ್ನೂ ಒಳ್ಳೆಯದು. ದಾವಣಗೆರೆಯಿಂದ ಚಿತ್ರದುರ್ಗ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ! ಫೋನ್ ಮಾಡಿದ ತಂದೆಗೆ ಮಾತ್ರ ಖಾಸಗಿಯಾಗಿ ಸಮಾಧಾನ ಹೇಳಿ ಮುಗಿಸಬೇಡಿ. ಭಾಗವಹಿಸಿದ ಎಲ್ಲ ಶಾಲೆಗೂ ಒಂದೇ ಪತ್ರ ಕಳಿಸಿ, ಅದರಲ್ಲಿ ಕಾರಣವನ್ನು ನಾಲ್ಕು ಸಾಲಲ್ಲಿ ಬರೆಯಿರಿ: 1952ರ ಹೆಲ್ಸಿಂಕಿ ವಿಷಯ ಒಂದೇ ಸಾಕು.

ಮುಂದಿನ ವರ್ಷಕ್ಕೆ ಒಂದು ಕೋರಿಕೆ. ಇತಿಹಾಸದಲ್ಲಿ "ಯಾಕೆ" ಅಂತ ಕೇಳುವ ಪ್ರಶ್ನೆಯನ್ನು ಕ್ವಿಜ್‌ಗೆ ಇಡಬೇಡಿ. ಅದು ತರಗತಿಗೆ ಚೆಂದ, ಬಜರ್ ಸುತ್ತಿಗೆ ಅಲ್ಲ. ಯಾರು, ಎಲ್ಲಿ, ಎಷ್ಟು ಅಂತ ಕೇಳಿ. 1950ರಲ್ಲಿ ಭಾರತ ಇದ್ದ ಗುಂಪಿನ ಬೇರೆ ತಂಡಗಳು ಯಾವುವು? ಆ ವಿಶ್ವಕಪ್‌ನಲ್ಲಿ ಫೈನಲ್ ಅಂತ ಹೆಸರಿಟ್ಟ ಪಂದ್ಯವೇ ಇರಲಿಲ್ಲ. ನಾಲ್ಕು ತಂಡಗಳ ಕೊನೆಯ ಗುಂಪಿನಲ್ಲಿ ಜುಲೈ 16ರಂದು ಮರಕಾನಾದಲ್ಲಿ ಬ್ರೆಜಿಲ್ಲನ್ನು 2-1ರಿಂದ ಸೋಲಿಸಿ ಕಪ್ ಒಯ್ದವರು ಯಾರು? ಅದೇ ವಿಶ್ವಕಪ್‌ನಲ್ಲಿ ಇಂಗ್ಲೆಂಡನ್ನು 1-0ಯಿಂದ ಸೋಲಿಸಿ ಬೆರಗುಗೊಳಿಸಿದ ದೇಶ ಯಾವುದು? ಮೊದಲನೆಯದಕ್ಕೆ ಉತ್ತರ ಮೇಲೆಯೇ ಇದೆ, ಎರಡನೆಯದಕ್ಕೆ ಉರುಗ್ವೆ, ಮೂರನೆಯದಕ್ಕೆ ಅಮೆರಿಕ.

ನಮ್ಮ ನಾಡಿನದು ಬೇಕೆಂದರೆ ಅಹ್ಮದ್ ಖಾನ್ ಬಗ್ಗೆ ಕೇಳಿ. ಈಸ್ಟ್ ಬೆಂಗಾಲ್ ತಂಡದ ಮುಂಚೂಣಿಯಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಜೊತೆ ಅವರು ಆಡುತ್ತಿದ್ದರು. ಕೋಲ್ಕತ್ತದ ಜನ ಆ ಐವರನ್ನು ಪಂಚ ಪಾಂಡವರು ಅಂತ ಕರೆಯುತ್ತಿದ್ದರು. ಇನ್ನೂ ಹತ್ತಿರದ್ದು ಬೇಕೆಂದರೆ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಇದೆ. ಮೈಸೂರು ರಾಜ್ಯ ಅಂತಿದ್ದಾಗ 1968-69ರಲ್ಲಿ ಗೆದ್ದವರು ನಾವು. ಆಮೇಲೆ ಕರ್ನಾಟಕ ಮತ್ತೆ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ಸೌದಿಯ ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ಇದನ್ನು ನಿಮ್ಮ ಹುಡುಗರಲ್ಲಿ ಎಷ್ಟು ಜನ ಬಲ್ಲರು ಅಂತ ನಾಳೆಯೇ ಮೈದಾನದಲ್ಲಿ ಒಮ್ಮೆ ಕೇಳಿ ನೋಡಿ.